ಉಪ್ಪಳದಲ್ಲಿ ಹಚ್ಚೆ ಅಂಗಡಿ: ಲೈಸೆನ್ಸಿಗೆ ಮೊದಲು ಸೂಜಿಯ ದಾರಿ ನೋಡಿಕೊಳ್ಳಿ

ಪ್ರಶ್ನೆ: ಮಂಗಳೂರಿನ ಒಂದು ಸ್ಟುಡಿಯೋದಲ್ಲಿ ಮೂರು ವರ್ಷ ಟ್ಯಾಟೂ ಕೆಲಸ ಮಾಡಿದ್ದೇನೆ. ಈಗ ಊರಿನಲ್ಲೇ, ಉಪ್ಪಳ ಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಹಚ್ಚೆ ಹಾಕುವ ಮತ್ತು ಕಿವಿ, ಮೂಗು ಚುಚ್ಚುವ ಕೆಲಸ ಶುರು ಮಾಡಬೇಕೆಂದಿದ್ದೇನೆ. ನನ್ನ ಭಾವ ಅಕ್ಯುಪಂಕ್ಚರ್ ಡಿಪ್ಲೊಮಾ ಮಾಡಿದ್ದಾರೆ. ವಾರಕ್ಕೆರಡು ದಿನ ಅದೇ ಕೋಣೆಯಲ್ಲಿ ತಾನೂ ಕೂರುತ್ತೇನೆ ಎನ್ನುತ್ತಾರೆ. ಪಂಚಾಯತಿನ ಲೈಸೆನ್ಸ್ ಒಂದಿದ್ದರೆ ಸಾಕು ಎಂದು ಒಬ್ಬರು ಹೇಳಿದರು, ಆರೋಗ್ಯ ಇಲಾಖೆಯ ರಿಜಿಸ್ಟ್ರೇಶನ್ ಬೇಕೇ ಬೇಕು ಎಂದು ಇನ್ನೊಬ್ಬರು. ಯಾವುದು ಸರಿ? ಅರ್ಜಿ ಕನ್ನಡದಲ್ಲಿ ಕೊಡಬಹುದೇ?

ಉತ್ತರ: ಇಬ್ಬರ ಮಾತೂ ಸರಿ, ಆದರೆ ಬೇರೆ ಬೇರೆ ಕೆಲಸಕ್ಕೆ. ಹಚ್ಚೆಗೂ ಚುಚ್ಚುವುದಕ್ಕೂ ನಿಮಗೆ ಬೇಕಾದದ್ದು ಮಂಗಲ್ಪಾಡಿ ಗ್ರಾಮ ಪಂಚಾಯತಿನ ಲೈಸೆನ್ಸ್. ನಿಮ್ಮ ಭಾವ ಮಾಡಹೊರಟಿರುವುದು ಚಿಕಿತ್ಸೆ. ಅದು ವೈದ್ಯಕೀಯ ಕಾನೂನಿನ ಕೆಳಗೆ ಬರುತ್ತದೆ, ಪಂಚಾಯತು ಅಲ್ಲಿ ಕೊನೆಯ ಮೆಟ್ಟಿಲು ಮಾತ್ರ. ಎರಡನ್ನೂ ಒಂದೇ ಕೋಣೆಗೆ ತರಬೇಡಿ ಎಂಬುದು ನಮ್ಮ ಮೊದಲ ಮಾತು, ಕಾರಣ ಮುಂದೆ ಹೇಳುತ್ತೇವೆ. ಎರಡನೆಯ ಮಾತು ಇನ್ನೂ ಮುಖ್ಯ: ಅರ್ಜಿ ಹಾಕುವ ಮೊದಲೇ, ಬಳಸಿದ ಸೂಜಿ ನಿಮ್ಮ ಅಂಗಡಿಯಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ಬಾಕಿ ಕಾಗದಗಳೆಲ್ಲ ಓಡಾಡಿದರೆ ಕೂಡಿಬರುತ್ತವೆ. ಇದೊಂದು ಮಾತ್ರ ಕೊನೆಗೆ ಇಟ್ಟುಕೊಂಡವರನ್ನು ಸತಾಯಿಸುತ್ತದೆ.

ಹಚ್ಚೆಗೆಂದೇ ಪ್ರತ್ಯೇಕವಾದ ಕಾಯ್ದೆ ನಮ್ಮಲ್ಲಿಲ್ಲ. ಕಲಾವಿದನಿಗೆ ಪರೀಕ್ಷೆ ಇಟ್ಟು ಪರವಾನಗಿ ಕೊಡುವ ಮಂಡಳಿಯೂ ಇಲ್ಲ. ಇರುವುದು 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ 232ನೇ ಸೆಕ್ಷನ್. ಲೈಸೆನ್ಸ್ ಇಲ್ಲದೆ ಯಾವ ಯಾವ ಕೆಲಸಕ್ಕೆ ಒಂದು ಜಾಗವನ್ನು ಬಳಸಬಾರದು ಎಂದು ಅದು ಹೇಳುತ್ತದೆ. ನಗರಸಭೆಯ ಮಿತಿಯಲ್ಲಿ, ಅಂದರೆ ಕಾಸರಗೋಡು, ಕಾಞಂಗಾಡು, ನೀಲೇಶ್ವರಗಳಲ್ಲಿ, ಇದೇ ಕೆಲಸ ಮಾಡುವುದು ಕೇರಳ ಮುನಿಸಿಪಾಲಿಟಿ ಕಾಯ್ದೆಯ 447ನೇ ಸೆಕ್ಷನ್. ಎರಡನ್ನೂ ಜನ ಡಿ ಆಂಡ್ ಓ (ಡೇಂಜರಸ್ ಆಂಡ್ ಅಫೆನ್ಸಿವ್, ಅಂದರೆ ಅಪಾಯ ಅಥವಾ ಉಪದ್ರವ ತರಬಹುದಾದ ಕೆಲಸಗಳ) ಲೈಸೆನ್ಸ್ ಎಂದೇ ಕರೆಯುತ್ತಾರೆ. ಇಲ್ಲಿ ಗಮನಿಸಬೇಕಾದದ್ದು 'ಜಾಗ' ಎಂಬ ಮಾತು. ಲೈಸೆನ್ಸ್ ನಿಮ್ಮ ಕೈಚಳಕಕ್ಕೆ ಸಿಗುವುದಲ್ಲ, ಆ ಕೋಣೆಯಲ್ಲಿ ಆ ಕೆಲಸ ನಡೆಸಲು ಸಿಗುವುದು. ಹಾಗಾಗಿ ಮಂಗಳೂರಿನಲ್ಲಿ ಎಷ್ಟು ವರ್ಷದ ಅನುಭವವಿದ್ದರೂ, ಅಲ್ಲಿನ ಪಾಲಿಕೆಯ ಟ್ರೇಡ್ ಲೈಸೆನ್ಸಿನ ಪ್ರತಿ ಕೈಯಲ್ಲಿದ್ದರೂ ತಲಪಾಡಿ ದಾಟಿದ ಮೇಲೆ ಅದಕ್ಕೆ ಬೆಲೆಯಿಲ್ಲ.

ಜಾಗದಿಂದಲೇ ಶುರು ಮಾಡೋಣ. ಬಾಡಿಗೆ ಮಾತಾಡುವಾಗ ಮಾಲೀಕರಲ್ಲಿ ಮೂರು ವಿಷಯ ಕೇಳಿ. ಕಟ್ಟಡಕ್ಕೆ ಪಂಚಾಯತಿನ ನಂಬರ್ ಇದೆಯೇ, ಅದು ವಾಣಿಜ್ಯ ಬಳಕೆಗೆ ಕೊಟ್ಟ ನಂಬರೇ, ಈ ವರ್ಷದ ಕಟ್ಟಡ ತೆರಿಗೆ ಕಟ್ಟಿದೆಯೇ. ವಾಸದ ಮನೆಯೆಂದು ದಾಖಲಾದ ಕಟ್ಟಡದ ಮುಂದಿನ ಕೋಣೆಯನ್ನು ಅಂಗಡಿ ಮಾಡಿಕೊಂಡವರ ಅರ್ಜಿ ಇಲ್ಲೇ ನಿಲ್ಲಬಹುದು, ಏಕೆಂದರೆ ಮೊದಲು ಕಟ್ಟಡದ ಬಳಕೆಯನ್ನು ಬದಲಿಸಿಕೊಳ್ಳಬೇಕಾದೀತು, ಅದು ಮಾಲೀಕರ ಕೆಲಸ. ವಿದ್ಯುತ್ ಸಂಪರ್ಕವೂ ಹಾಗೆಯೇ. ಮನೆ ದರದ ಮೀಟರಿನಲ್ಲಿ ಅಂಗಡಿ ನಡೆಸಿದರೆ ಕೆಎಸ್‌ಇಬಿಯವರು ದಂಡ ಹಾಕುತ್ತಾರೆ. ಉಪ್ಪಳದಲ್ಲಿ ಇನ್ನೊಂದನ್ನೂ ನೋಡಿಕೊಳ್ಳಬೇಕು. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಮುಂಭಾಗ ಒಡೆದು ಮತ್ತೆ ಗೋಡೆ ಕಟ್ಟಿದ ಕಟ್ಟಡವಾದರೆ, ಹಳೆಯ ನಂಬರ್ ಈಗಿರುವ ಕೋಣೆಗೆ ಸರಿಹೊಂದುತ್ತದೆಯೇ ಎಂದು ಪಂಚಾಯತಿನಲ್ಲೇ ಕೇಳಿ, ಆಮೇಲೆ ಮುಂಗಡ ಕೊಡಿ.

ಕೋಣೆ ದೊಡ್ಡದಾಗಬೇಕೆಂದೇನಿಲ್ಲ. ಹತ್ತಡಿಗೆ ಹನ್ನೆರಡಡಿ ಇದ್ದರೆ ಒಂದು ಕುರ್ಚಿ, ಒಂದು ಟ್ರಾಲಿ, ಒಂದು ವಾಶ್‌ಬೇಸಿನ್, ಅಡ್ಡಕ್ಕೊಂದು ಪಾರ್ಟಿಶನ್ ಹಿಡಿಸುತ್ತದೆ. ಬೇಸಿನ್ ಮಾತ್ರ ಕೆಲಸದ ಕೋಣೆಯೊಳಗೇ ಇರಬೇಕು. ಕಾಂಪ್ಲೆಕ್ಸಿನ ಹಿಂದಿನ ಸಾರ್ವಜನಿಕ ನಲ್ಲಿಗೆ ನಡೆದುಹೋಗಿ ಕೈ ತೊಳೆದು, ಅದೇ ಕೈಯಲ್ಲಿ ಬಾಗಿಲ ಚಿಲಕ ಹಿಡಿದು ಮರಳಿ ಬಂದರೆ ತೊಳೆದದ್ದು ವ್ಯರ್ಥ. ಮೊಣಕೈಯಲ್ಲಿ ತಿರುಗಿಸುವ ನಲ್ಲಿ ಹಾಕಿಸಿದರೆ ಒಳ್ಳೆಯದು. ನೆಲಕ್ಕೆ ಟೈಲ್ಸ್ ಅಥವಾ ವಿನೈಲ್, ಗೋಡೆಗೆ ನಾಲ್ಕಡಿ ಎತ್ತರದವರೆಗೆ ಒರೆಸಿದರೆ ಹೋಗುವ ಪೇಂಟ್, ಕುರ್ಚಿಗೆ ಬಟ್ಟೆಯಲ್ಲ, ಹರಿಯದ ರೆಕ್ಸಿನ್. ಮಳೆಗಾಲದಲ್ಲಿ ನಮ್ಮ ಕಡೆಯ ಗೋಡೆ ಬೂಷ್ಟು ಹಿಡಿಯುತ್ತದೆ. ಸೂಜಿ, ಕಾಟ್ರಿಜ್‌ಗಳ (ಮೆಷಿನ್ನಿಗೆ ಸಿಕ್ಕಿಸುವ, ಸೂಜಿಯಿರುವ ಕೊಳವೆ) ಪೆಟ್ಟಿಗೆಯನ್ನು ಗೋಡೆಗೆ ತಾಗಿಸಿ ನೆಲದ ಮೇಲೆ ಇಟ್ಟರೆ ಜುಲೈ ಹೊತ್ತಿಗೆ ಪೊಟ್ಟಣದ ಕಾಗದ ಒದ್ದೆಯಾಗುತ್ತದೆ. ಒದ್ದೆಯಾದ ಪೊಟ್ಟಣ ಒಡೆಯದಿದ್ದರೂ ಕ್ರಿಮಿರಹಿತವಲ್ಲ, ಎಸೆಯಲೇಬೇಕು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಎತ್ತರದ ಕಪಾಟಿನಲ್ಲಿಡಿ.

ಕಾಗದಗಳು ಹೆಚ್ಚಿಲ್ಲ: ಆಧಾರ್, ಬಾಡಿಗೆ ಕರಾರು, ಕಟ್ಟಡ ತೆರಿಗೆಯ ರಸೀದಿ, ಕೋಣೆಯ ಚಿಕ್ಕ ನಕ್ಷೆ, ಮನೆ, ಅಂಗಡಿಗಳಿಂದ ಕಸ ಒಯ್ಯುವ ಹರಿತ ಕರ್ಮಸೇನೆಗೆ ತಿಂಗಳ ಬಳಕೆದಾರ ಶುಲ್ಕ ಕಟ್ಟಿದ ರಸೀದಿ. ಕಟ್ಟಡ ಇಬ್ಬರು ಮೂವರ ಹೆಸರಿನಲ್ಲಿದ್ದರೆ ಕರಾರಿಗೆ ಎಲ್ಲರ ಸಹಿ ಹಾಕಿಸಿ. ಸಾಮಾನ್ಯವಾಗಿ ಎಡವುವುದು ಹೆಸರಿನಲ್ಲಿ. ಕರಾರಿನಲ್ಲಿ ಮನೆಹೆಸರು ಮೊದಲು, ಆಧಾರಿನಲ್ಲಿ ಇನಿಷಿಯಲ್ ಕೊನೆಗೆ, ಬ್ಯಾಂಕಿನಲ್ಲಿ ತಂದೆಯ ಹೆಸರು ಪೂರ್ತಿ. ಹೀಗಿದ್ದರೆ ಅರ್ಜಿ ವಾಪಸು ಬರುತ್ತದೆ. ಕರಾರು ಬರೆಸುವಾಗಲೇ ಆಧಾರಿನಲ್ಲಿರುವ ಅಕ್ಷರಗಳನ್ನೇ ಹಾಕಿಸಿ.

ಅರ್ಜಿ ಈಗ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. 2024ರ ಜನವರಿಯಲ್ಲಿ ನಗರಸಭೆಗಳಿಗೆ ಬಂದದ್ದು 2025ರ ಏಪ್ರಿಲ್‌ನಿಂದ ಗ್ರಾಮ ಪಂಚಾಯತುಗಳಿಗೂ ಬಂದಿದೆ. ಸ್ವತಃ ಹಾಕಬಹುದು, ಇಲ್ಲವೇ ಅಕ್ಷಯ ಕೇಂದ್ರಕ್ಕೆ ಹೋಗಿ. ಶುಲ್ಕ ನೀವು ಹೂಡುವ ಬಂಡವಾಳಕ್ಕೆ ತಕ್ಕಂತೆ. ಕೆಲಸದ ವಿವರ ಬರೆಯುವಲ್ಲಿ 'ಬ್ಯೂಟಿ ಪಾರ್ಲರ್' ಎಂದು ಹಾಕಿಬಿಡಿ, ಬೇಗ ಸಿಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಕೇಳಬೇಡಿ. ಚರ್ಮ ಚುಚ್ಚುವ ಕೆಲಸವನ್ನು ಮುಚ್ಚಿಟ್ಟು ಪಡೆದ ಲೈಸೆನ್ಸ್ ಒಂದು ದೂರು ಬಂದ ದಿನ ನಿಮ್ಮನ್ನು ಕಾಯುವುದಿಲ್ಲ, ನಿಮ್ಮ ಮೇಲೆಯೇ ಸಾಕ್ಷಿ ಹೇಳುತ್ತದೆ. 'ಹಚ್ಚೆ ಹಾಕುವುದು ಮತ್ತು ಕಿವಿ, ಮೂಗು ಚುಚ್ಚುವುದು, ಒಮ್ಮೆ ಮಾತ್ರ ಬಳಸುವ ಸೂಜಿಗಳಿಂದ' ಎಂದು ನೇರವಾಗಿ ಬರೆಯಿರಿ. 30 ದಿನದೊಳಗೆ ತೀರ್ಮಾನ ತಿಳಿಸಬೇಕೆಂದು ಕಾನೂನಿದೆ. ಆದರೆ ಅರ್ಜಿ ಪೂರ್ಣವಾಗಿದ್ದರೆ ಮಾತ್ರ ಆ ಲೆಕ್ಕ ಹಿಡಿಯಲು ಸಾಧ್ಯ. ಸೆಕ್ರೆಟರಿ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಅದರ ಮೇಲೆ ಪಂಚಾಯತು ಸಮಿತಿಗೆ ಮೇಲ್ಮನವಿ ಹೋಗಬಹುದು, ಅಲ್ಲಿಂದ ಮುಂದೆ ತಿರುವನಂತಪುರದ ಸ್ಥಳೀಯಾಡಳಿತ ಟ್ರಿಬ್ಯುನಲ್.

ಸಣ್ಣ ಉದ್ಯಮಗಳಿಗೆ 2019ರ ಕೇರಳ ಕಾಯ್ದೆಯೊಂದು ಕೆ-ಸ್ವಿಫ್ಟ್ ಎಂಬ ಸರಕಾರಿ ಆನ್‌ಲೈನ್ ವ್ಯವಸ್ಥೆಯ ಮೂಲಕ ಸ್ವಯಂಘೋಷಣೆಯ ಮೇಲೆ ಶುರು ಮಾಡಲು ಅವಕಾಶ ಕೊಡುತ್ತದೆ. ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಆದರೆ ಚುಚ್ಚುವ ಕೆಲಸಕ್ಕೆ ಈ ಅಡ್ಡದಾರಿ ಬೇಡ ಎಂಬುದು ನಮ್ಮ ಅಭಿಪ್ರಾಯ. ಆರಂಭದಲ್ಲೇ ಆರೋಗ್ಯ ವಿಭಾಗದವರು ಬಂದು ಕೋಣೆ ನೋಡಿ ಹೋದರೆ ಅದರಲ್ಲಿ ನಿಮಗೇ ಲಾಭ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರದ ಉದ್ಯಮ್ ನೋಂದಣಿ ಉಚಿತ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಸಹಾಯಕ್ಕೆ ಒಬ್ಬ ಹುಡುಗನನ್ನು ಇಟ್ಟುಕೊಂಡರೂ ಲೇಬರ್ ಆಫೀಸಿನಲ್ಲಿ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಮಾಡಿಸಿ. ಜಿಎಸ್‌ಟಿ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ.

ಈಗ ಸೂಜಿಯ ವಿಷಯ. ಪರಿಶೀಲನೆಗೆ ಬರುವ ಜೂನಿಯರ್ ಹೆಲ್ತ್ ಇನ್‌ಸ್ಪೆಕ್ಟರ್ ಗೋಡೆಯ ಮೇಲಿನ ಚಿತ್ರಗಳನ್ನು ನೋಡುವುದಕ್ಕೆ ಮೊದಲು ಕುರ್ಚಿಯ ಕೆಳಗಿನ ಬುಟ್ಟಿ ನೋಡುತ್ತಾರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಬಣ್ಣಗಳನ್ನೇ ನೀವೂ ಪಾಲಿಸಿ. ಸೂಜಿ, ಕಾಟ್ರಿಜ್, ರೇಜರ್ ಬ್ಲೇಡು ಬಿಳಿ ಅರೆಪಾರದರ್ಶಕ, ತೂತಾಗದ, ಸೋರದ ಡಬ್ಬಿಗೆ. ರಕ್ತ ಹತ್ತಿದ ಹತ್ತಿ, ಟಿಶ್ಯೂ ಹಳದಿ ಚೀಲಕ್ಕೆ. ಗ್ಲೌಸು ಮತ್ತು ರಕ್ತ ತಾಗಿದ ಪ್ಲಾಸ್ಟಿಕ್ ಕೆಂಪಿಗೆ. ಬಿಳಿ ಡಬ್ಬಿ ಮುಕ್ಕಾಲು ತುಂಬಿದ ಕೂಡಲೇ ಮುಚ್ಚಿ, ಕುಲುಕಿ ಜಾಗ ಮಾಡಿಕೊಳ್ಳುವುದು ಬೇಡ. ಸೂಜಿಯ ಮೇಲೆ ಮತ್ತೆ ಕ್ಯಾಪ್ ಹಾಕಲು ಹೋಗುವಾಗಲೇ ಬೆರಳಿಗೆ ಚುಚ್ಚುವುದು ಹೆಚ್ಚು.

ಆ ಡಬ್ಬಿಯನ್ನು ಯಾರು ಒಯ್ಯುತ್ತಾರೆ? ಹರಿತ ಕರ್ಮಸೇನೆಯ ಅಕ್ಕಂದಿರಿಗೆ ಖಂಡಿತ ಕೊಡಬಾರದು. ಅವರು ಚೀಲ ಬಿಚ್ಚಿ ಕೈಯಲ್ಲೇ ಪ್ಲಾಸ್ಟಿಕ್ ಬೇರ್ಪಡಿಸುವವರು. ನಿಮ್ಮ ಒಂದು ಕಾಟ್ರಿಜ್ ಅವರ ಹೆಬ್ಬೆರಳಿಗೆ ಹೊಕ್ಕರೆ ಆಮೇಲೆ ಯಾವ ಲೈಸೆನ್ಸೂ ಅವರಿಗೆ ಉತ್ತರ ಹೇಳಲಾರದು. ಹಿತ್ತಿಲಲ್ಲಿ ಸುಡುವುದು, ಹೊಂಡದಲ್ಲಿ ಹೂಳುವುದು ಎರಡೂ ತಪ್ಪು. ಕೇರಳದಲ್ಲಿ ಆಸ್ಪತ್ರೆ ತ್ಯಾಜ್ಯವನ್ನು ಸಂಗ್ರಹಿಸಿ ಸಂಸ್ಕರಿಸುವ ಸಾಮಾನ್ಯ ಘಟಕವನ್ನು ಭಾರತೀಯ ವೈದ್ಯಕೀಯ ಸಂಘದ ಇಮೇಜ್ ಸಂಸ್ಥೆ ಪಾಲಕ್ಕಾಡಿನಲ್ಲಿ ನಡೆಸುತ್ತಿದೆ. ನಿಯಮಗಳ ಪಟ್ಟಿಯಲ್ಲಿ ಆಸ್ಪತ್ರೆ, ಕ್ಲಿನಿಕ್, ಲ್ಯಾಬುಗಳ ಹೆಸರಿದೆ, ಟ್ಯಾಟೂ ಅಂಗಡಿಯ ಹೆಸರಿಲ್ಲ. 'ಹೆಸರಿಲ್ಲ, ಹಾಗಾದರೆ ನಮಗೆ ಸಂಬಂಧವಿಲ್ಲ' ಎಂದು ಕೂರುವವರೇ ಹೆಚ್ಚು. ಆದರೆ ವೈರಸ್ಸಿಗೆ ಪಟ್ಟಿ ಗೊತ್ತಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಒಂದು ಪುಟದ ಪತ್ರ ಬರೆಯಿರಿ: ಕೆಲಸ ಇಂಥದ್ದು, ತಿಂಗಳಿಗೆ ಇಷ್ಟು ಸೂಜಿ, ಸಾಮಾನ್ಯ ಘಟಕಕ್ಕೆ ಕೊಡಲು ವ್ಯವಸ್ಥೆ ಬೇಕು. ಅದರ ಸ್ವೀಕೃತಿಯೂ ಸಂಗ್ರಹದ ಒಪ್ಪಂದವೂ ನಿಮ್ಮ ಫೈಲಿನಲ್ಲಿದ್ದರೆ ಪಂಚಾಯತಿನಲ್ಲಿ ಅರ್ಧ ಮಾತು ಅಲ್ಲೇ ಮುಗಿಯುತ್ತದೆ. ಪರಿಚಯದ ಕ್ಲಿನಿಕ್ಕಿನ ಡಬ್ಬಿಗೆ ಸದ್ದಿಲ್ಲದೆ ಹಾಕಿ ಬರುವುದು ಬೇಡ. ಅವರ ಚೀಲಗಳಿಗೆ ಅವರದೇ ಬಾರ್‌ಕೋಡ್ ಇರುತ್ತದೆ, ಲೆಕ್ಕ ತಪ್ಪಿದರೆ ಸಿಕ್ಕಿಬೀಳುವವರು ಅವರು.

ಕ್ರಿಮಿಶುದ್ಧಿಯ ಬಗ್ಗೆ ಅಂಗಡಿಗಳಲ್ಲಿ ಇರುವಷ್ಟು ತಪ್ಪು ತಿಳಿವಳಿಕೆ ಬೇರೆಲ್ಲೂ ಇಲ್ಲ. ಪಾರ್ಲರುಗಳಲ್ಲಿ ನೀಲಿ ಬೆಳಕು ಬೀರುತ್ತ ಕೂತಿರುವ ಯುವಿ ಪೆಟ್ಟಿಗೆ ಶುದ್ಧವಾದದ್ದನ್ನು ಇಡಲು ಆಗಬಹುದು, ಅಶುದ್ಧವಾದದ್ದನ್ನು ಶುದ್ಧ ಮಾಡಲಾರದು. ಬೆಳಕು ಬೀಳದ ಮಡಿಕೆಯಲ್ಲಿ ಎಲ್ಲವೂ ಹಾಗೇ ಉಳಿಯುತ್ತದೆ. ನೀರಿನಲ್ಲಿ ಕುದಿಸುವುದರಿಂದ ಬ್ಯಾಕ್ಟೀರಿಯಾದ ಬೀಜಾಣುಗಳು ಸಾಯುವುದಿಲ್ಲ. ಅಡುಗೆಮನೆಯ ಕುಕ್ಕರ್ ಒತ್ತಡ ಕೊಟ್ಟರೂ ಒಳಗಿನ ಗಾಳಿ ಪೂರ್ತಿ ಹೊರಹೋಯಿತೆಂಬ ಖಾತ್ರಿಯಿಲ್ಲ, ಪೊಟ್ಟಣವೂ ಒಣಗುವುದಿಲ್ಲ. ಬೇಕಾದದ್ದು ಆಟೊಕ್ಲೇವ್: 15 ಪಿಎಸ್‌ಐ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್, ಪೊಟ್ಟಣ ಕಟ್ಟಿದ ಉಪಕರಣಗಳಿಗೆ 30 ನಿಮಿಷ. ಸಮಯ ಎಣಿಸುವುದು ಉಷ್ಣತೆ 121 ಮುಟ್ಟಿದ ಮೇಲೆ, ಸ್ವಿಚ್ ಹಾಕಿದಾಗಿನಿಂದಲ್ಲ. ಅದಕ್ಕೂ ಮೊದಲು ಉಪಕರಣವನ್ನು ಸೋಪು ನೀರಿನಲ್ಲಿ ಬ್ರಶ್ಶಿನಿಂದ ಉಜ್ಜಿ ತೊಳೆದು ಒಣಗಿಸಬೇಕು. ಒಣಗಿದ ರಕ್ತದ ಪದರದ ಕೆಳಗೆ ಉಗಿ ಹೋಗುವುದಿಲ್ಲ. ಪೌಚಿನ ಮೇಲಿನ ಗುರುತು ಬಣ್ಣ ಬದಲಿಸಿತೆಂದರೆ ಬಿಸಿ ತಾಗಿದೆ ಎಂದಷ್ಟೇ ಅರ್ಥ. ಕ್ರಿಮಿ ಸತ್ತಿದೆ ಎಂದು ತಿಳಿಯಲು ಬೀಜಾಣು ಪರೀಕ್ಷೆಯ ಪಟ್ಟಿಯನ್ನು ಆಗಾಗ, ಸಾಧ್ಯವಾದರೆ ವಾರಕ್ಕೊಮ್ಮೆ ಇಟ್ಟು ನೋಡಿ ಫಲಿತಾಂಶ ಬರೆದಿಡಿ.

ನೀವು ಹಚ್ಚೆಗೆ ಇಒ (ಎಥಿಲೀನ್ ಆಕ್ಸೈಡ್) ಅನಿಲದಿಂದ ಶುದ್ಧಗೊಳಿಸಿದ, ಒಳಗೆ ಮೆಂಬ್ರೇನ್ (ತಡೆಪೊರೆ) ಇರುವ ಕಾಟ್ರಿಜ್‌ಗಳನ್ನೂ, ಚುಚ್ಚಲು ಒಮ್ಮೆ ಬಳಸುವ ಟೊಳ್ಳು ಸೂಜಿಗಳನ್ನೂ ಮಾತ್ರ ಬಳಸುವುದಾದರೆ ಆಟೊಕ್ಲೇವಿನ ಕೆಲಸ ಕ್ಲ್ಯಾಂಪು ಮತ್ತು ಆಭರಣಕ್ಕೆ ಸೀಮಿತವಾಗುತ್ತದೆ. ಮೆಂಬ್ರೇನ್ ಇಲ್ಲದ ಅಗ್ಗದ ಕಾಟ್ರಿಜಿನಲ್ಲಿ ಶಾಯಿಯೂ ರಕ್ತವೂ ಹಿಂದಕ್ಕೆ ಹರಿದು ಮೆಷಿನ್ನಿನೊಳಗೆ ಸೇರುತ್ತದೆ. ಮುಂದಿನ ಗಿರಾಕಿಗೆ ಹೊಸ ಸೂಜಿ ಹಾಕಿದರೂ ಹಳೆಯ ರಕ್ತ ಅಲ್ಲಿರುತ್ತದೆ. ಕಿವಿ ಚುಚ್ಚುವ ಸ್ಪ್ರಿಂಗ್ ಗನ್ನು ಅಂಗಡಿಯಲ್ಲೇ ಇರಬಾರದು ಎಂಬುದು ನಮ್ಮ ಖಚಿತ ಮಾತು. ಪ್ಲಾಸ್ಟಿಕ್ಕಿನದಾದ್ದರಿಂದ ಅದನ್ನು ಆಟೊಕ್ಲೇವ್ ಮಾಡಲಾಗದು. ಮೊಂಡು ತುದಿಯನ್ನು ರಭಸದಿಂದ ನುಗ್ಗಿಸುವುದರಿಂದ ಕಿವಿಯ ಮೇಲ್ಭಾಗದ ಮೃದ್ವಸ್ಥಿ ಜಜ್ಜುತ್ತದೆ. ಅಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಹಿಡಿದರೆ ಕಿವಿಯ ಆಕಾರವೇ ಕೆಡಬಹುದು. ಊರಿನ ಆಚಾರಿಗಳು ಕಿವಿಯ ಹಾಲೆಗೆ ಚಿನ್ನದ ತಂತಿ ಹಾಕುತ್ತಿದ್ದುದು ಬೇರೆ, ಇಂದು ಹುಡುಗರು ಕೇಳುವ ಹೆಲಿಕ್ಸ್ (ಕಿವಿಯ ಮೇಲಂಚು) ಚುಚ್ಚುವಿಕೆ ಬೇರೆ. ಮೊದಲ ಆಭರಣಕ್ಕೆ ಎಎಸ್‌ಟಿಎಂ ಎಫ್136 ದರ್ಜೆಯ, ಅಂದರೆ ದೇಹದೊಳಗೆ ಅಳವಡಿಸಲು ಬಳಸುವ ಟೈಟೇನಿಯಂ ತರಿಸಿ. ನಿಕ್ಕಲ್ ಬೆರೆತ ಫ್ಯಾನ್ಸಿ ಸಾಮಾನು ಹಾಕಿದರೆ ತುರಿಕೆ ಶುರುವಾಗಿ, ಜನ ಅದನ್ನು ಸೋಂಕೆಂದು ತಿಳಿದು ನಿಮ್ಮ ಮೇಲೆ ಬರುತ್ತಾರೆ.

ಶಾಯಿಯ ಬಗ್ಗೆ ಒಂದು ಮಾತು ಹೆಚ್ಚೇ ಹೇಳಬೇಕು. ಕಪ್ಪನ್ನು ತೆಳುಮಾಡಿ ಬೂದು ನೆರಳು ತೆಗೆಯಲು ನೀರು ಬೆರೆಸುವ ಅಭ್ಯಾಸವಿದೆಯಲ್ಲ, ಆ ನೀರು ಎಲ್ಲಿಯದು? ಬಾವಿಯದಾಗಲಿ, ನಮ್ಮ ಗುಡ್ಡದ ಸುರಂಗದ್ದಾಗಲಿ, ಅಂಗಡಿಯ ಬಾಟಲಿಯದಾಗಲಿ, ಕುಡಿಯಲು ಎಷ್ಟೇ ಒಳ್ಳೆಯದಿದ್ದರೂ ಚರ್ಮದೊಳಗೆ ಹೋಗಬಾರದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಕೂಡ ಕ್ರಿಮಿರಹಿತವಲ್ಲ. ಅಮೆರಿಕದ ರೋಚೆಸ್ಟರ್‌ನಲ್ಲಿ 2011–12ರಲ್ಲಿ ಮೊದಲೇ ತೆಳುಮಾಡಿ ಮಾರಿದ ಬೂದು ಶಾಯಿಯಿಂದ 19 ಮಂದಿಗೆ ಮೈಕೋಬ್ಯಾಕ್ಟೀರಿಯಂ ಕೆಲೊನೆ ಎಂಬ, ಕ್ಷಯದ ಜಾತಿಗೆ ಸೇರಿದ ಸೋಂಕು ತಗಲಿತ್ತು. ಅಂಥ ಗುಳ್ಳೆ ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ, ತಿಂಗಳುಗಟ್ಟಲೆ ಮದ್ದು ಬೇಕು. ಇಂಜೆಕ್ಷನ್ನಿಗೆ ಬಳಸುವ ಸ್ಟೆರೈಲ್ ವಾಟರ್‌ನ ಸಣ್ಣ ಆಂಪ್ಯೂಲ್ ಮೆಡಿಕಲಿನಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಒಬ್ಬರಿಗೆ ಒಂದು, ಉಳಿದದ್ದು ಚೆಲ್ಲಿ. ಶಾಯಿಯನ್ನು ಪುಟ್ಟ ಕಪ್ಪಿಗೆ ಹಾಕಿಕೊಳ್ಳಿ, ಉಳಿದದ್ದನ್ನು ಬಾಟಲಿಗೆ ಮರಳಿ ಸುರಿಯಬೇಡಿ. ತಯಾರಕರ ಹೆಸರು, ಬ್ಯಾಚ್ ನಂಬರ್, ಅವಧಿ ಇಲ್ಲದ ಬಾಟಲಿ ಕೊಳ್ಳಬೇಡಿ. ಯುರೋಪಿನಲ್ಲಿ 2022ರ ಜನವರಿಯಿಂದ ಹಚ್ಚೆ ಶಾಯಿಯ ರಾಸಾಯನಿಕಗಳಿಗೆ ಕಟ್ಟುನಿಟ್ಟಿನ ಮಿತಿ ಬಂದಿದೆ. ಆ ರೀಚ್ ನಿಯಮಕ್ಕೆ ಒಳಪಟ್ಟದ್ದೆಂದು ಪತ್ರವಿರುವ ಶಾಯಿಯನ್ನೇ ಆರಿಸಿ.

ಕೆಲಸ ನಡೆಯುವಾಗ ತಪ್ಪು ಹೇಗೆ ಒಳಗೆ ಬರುತ್ತದೆ ನೋಡಿ. ಎರಡೂ ಕೈಗೆ ಗ್ಲೌಸು, ಹೊಸ ಸೂಜಿ, ಎಲ್ಲ ಸರಿ. ನಡುವೆ ಫೋನು ಹೊಡೆದುಕೊಳ್ಳುತ್ತದೆ. ಗ್ಲೌಸಿನ ಕಿರುಬೆರಳಿನಲ್ಲೇ ತೆರೆ ಸರಿಸುತ್ತೀರಿ. ಆಮೇಲೆ ಸೋಪುನೀರಿನ ಸ್ಪ್ರೇ ಬಾಟಲಿ ಹಿಡಿಯುತ್ತೀರಿ, ದೀಪ ಹತ್ತಿರಕ್ಕೆ ಎಳೆಯುತ್ತೀರಿ. ಗಿರಾಕಿಯ ರಕ್ತ ಈಗ ಫೋನಿನಲ್ಲೂ ಬಾಟಲಿಯಲ್ಲೂ ದೀಪದ ಹಿಡಿಯಲ್ಲೂ ಇದೆ, ಕಣ್ಣಿಗೆ ಕಾಣದಷ್ಟು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕುತ್ತದೆ. ಆದ್ದರಿಂದ ಮುಟ್ಟುವ ಪ್ರತಿಯೊಂದಕ್ಕೂ, ಬಾಟಲಿ, ದೀಪ, ಮೆಷಿನ್, ವೈರಿಗೂ ಕೂಡ, ಪ್ಲಾಸ್ಟಿಕ್ ಹೊದಿಕೆ ಸುತ್ತಿ ಪ್ರತಿ ಗಿರಾಕಿಗೂ ಬದಲಿಸಬೇಕು. ನೆಲಕ್ಕೋ ಟ್ರಾಲಿಗೋ ರಕ್ತ ಬಿದ್ದರೆ ಶೇ. 1ರ ಹೈಪೋಕ್ಲೋರೈಟ್: ಶೇ. 5ರ ದ್ರಾವಣ 200 ಮಿಲಿಗೆ 800 ಮಿಲಿ ನೀರು. ದಿನವೂ ಹೊಸದಾಗಿ ಬೆರೆಸಿ, ನಿನ್ನೆಯದಕ್ಕೆ ಬಲವಿರುವುದಿಲ್ಲ.

ನೀವೂ ನಿಮ್ಮ ಸಹಾಯಕನೂ ಹೆಪಟೈಟಿಸ್ ಬಿ ಲಸಿಕೆಯನ್ನು 0, 1, 6 ತಿಂಗಳಿಗೆ ಮೂರು ಡೋಸ್ ಹಾಕಿಸಿಕೊಳ್ಳಿ. ಕೊನೆಯ ಡೋಸಾಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಪ್ರತಿಕಾಯದ ಮಟ್ಟ ನೋಡಿಸಿ, 10ಕ್ಕಿಂತ ಕಡಿಮೆಯಿದ್ದರೆ ವೈದ್ಯರಿಗೆ ತೋರಿಸಿ. ಸೂಜಿ ಚುಚ್ಚಿಕೊಂಡರೆ ಹರಿಯುವ ನೀರಿನಲ್ಲಿ ಸೋಪಿನಿಂದ ತೊಳೆಯಿರಿ. ಹಿಂಡಬೇಡಿ, ಬೆರಳನ್ನು ಬಾಯಿಗಿಡಬೇಡಿ. ಕೂಡಲೇ ಸರಕಾರಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ, 28 ದಿನ ನುಂಗಬೇಕು. ಹೀಗೆಂದು ಗಿರಾಕಿಗಳಿಗೆ ಎಚ್‌ಐವಿ ಪರೀಕ್ಷೆಯ ಚೀಟಿ ತನ್ನಿ ಎನ್ನುವುದು ತಪ್ಪು. 2017ರ ಎಚ್‌ಐವಿ ಕಾಯ್ದೆ ಇಂಥ ಭೇದವನ್ನು ತಡೆಯುತ್ತದೆ. ಎಲ್ಲರ ರಕ್ತವನ್ನೂ ಒಂದೇ ಎಚ್ಚರದಿಂದ ನೋಡುವುದೇ ಸರಿಯಾದ ದಾರಿ.

ಪ್ರತಿಯೊಬ್ಬರಿಗೂ ಒಂದು ಹಾಳೆ ತುಂಬಿಸಿ: ಹೆಸರು, ಹುಟ್ಟಿದ ದಿನ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಗಾಯ ಉಬ್ಬುವ ಸ್ವಭಾವ, ಬಸಿರು, ಅಲರ್ಜಿ, ಜತೆಗೆ ಆ ದಿನ ಬಳಸಿದ ಕಾಟ್ರಿಜ್ ಮತ್ತು ಶಾಯಿಯ ಬ್ಯಾಚ್ ನಂಬರ್. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ, ಆದ್ದರಿಂದ ಹಾಳೆಗಳು ಮೂರು ವರ್ಷವಾದರೂ ಇರಲಿ. 18 ತುಂಬದವರಿಗೆ ಹಚ್ಚೆ ಬೇಡ, ಅಪ್ಪ ಅಮ್ಮ ಬಂದು ನಿಂತರೂ. ಮಕ್ಕಳ ಕಿವಿ ಚುಚ್ಚುವುದು ಹೆತ್ತವರ ಸಹಿಯ ಮೇಲೆ ಆಗಬಹುದು. ಹಚ್ಚೆ, ಚುಚ್ಚುವಿಕೆ, ಅಕ್ಯುಪಂಕ್ಚರ್ ಯಾವುದಾದ ಮೇಲೂ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ ಎಂಬುದನ್ನು ಆ ಹಾಳೆಯಲ್ಲೇ ಅಚ್ಚು ಹಾಕಿಸಿ. ರಕ್ತದಾನಿಗಳ ವಾಟ್ಸಪ್ ಬಳಗದಲ್ಲಿರುವ ಹುಡುಗರಿಗೆ ಇದು ಗೊತ್ತಿರುವುದಿಲ್ಲ.

ಇನ್ನು ನಿಮ್ಮ ಭಾವನವರ ವಿಷಯ. ಅಕ್ಯುಪಂಕ್ಚರನ್ನು ಕೇಂದ್ರ ಸರಕಾರ 2003ರ ನವೆಂಬರಿನ ಆದೇಶದಲ್ಲಿ ಒಂದು ಚಿಕಿತ್ಸಾ ವಿಧಾನವೆಂದೂ, 2019ರ ಫೆಬ್ರವರಿಯ ಆದೇಶದಲ್ಲಿ ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದೂ ಒಪ್ಪಿಕೊಂಡಿದೆ. ಡಿಪ್ಲೊಮಾ ಕೊಡುವ ಸಂಸ್ಥೆಗಳು ಈ ಆದೇಶದ ಪ್ರತಿಯನ್ನೇ ಸರ್ಟಿಫಿಕೇಟಿನ ಜತೆ ಕೊಟ್ಟು ಕಳಿಸುವುದುಂಟು. ಆದರೆ ಪದ್ಧತಿಗೆ ಮಾನ್ಯತೆ ಸಿಕ್ಕಿತೆಂದರೆ ಅದನ್ನು ಮಾಡುವ ಪ್ರತಿಯೊಬ್ಬರಿಗೂ ನೋಂದಣಿ ಸಿಕ್ಕಿತೆಂದಲ್ಲ. ಪಶ್ಚಿಮ ಬಂಗಾಳದಲ್ಲಿ 1996ರಿಂದ ಇದಕ್ಕೊಂದು ಕಾಯ್ದೆ ಇದೆ, ಮಹಾರಾಷ್ಟ್ರ 2015ರ ಕಾಯ್ದೆಯ ಮೂಲಕ ಕೌನ್ಸಿಲನ್ನೇ ಮಾಡಿದೆ. ಕೇರಳದಲ್ಲಿ ಅಂಥ ಕೌನ್ಸಿಲ್ ಇಲ್ಲ. ಇಲ್ಲಿರುವುದು 2021ರ ಕೇರಳ ರಾಜ್ಯ ವೈದ್ಯಕೀಯ ವೃತ್ತಿಪರರ ಕಾಯ್ದೆ. ಅದರ ಪ್ರಕಾರ ವೈದ್ಯವೃತ್ತಿ ನಡೆಸಲು ರಾಜ್ಯದ ರಿಜಿಸ್ಟರಿನಲ್ಲಿ ಹೆಸರಿರಬೇಕು. ಉಜಿರೆಯಲ್ಲೋ ಮೂಡಬಿದಿರೆಯಲ್ಲೋ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದಿದವರಾದರೆ ವಿಷಯ ಬೇರೆ: ಕೇರಳದ ರಿಜಿಸ್ಟರಿಗೆ ಹೆಸರು ಸೇರಿಸಿ, 2018ರ ಕೇರಳ ಕ್ಲಿನಿಕಲ್ ಎಸ್ಟಾಬ್ಲಿಶ್‌ಮೆಂಟ್ಸ್ ಕಾಯ್ದೆಯಡಿ ಕ್ಲಿನಿಕ್ಕನ್ನು ನೋಂದಾಯಿಸಿ, ತ್ಯಾಜ್ಯಕ್ಕೆ ಮಾಲಿನ್ಯ ಮಂಡಳಿಯ ಅಧಿಕಾರಪತ್ರ ಪಡೆದು, ಕೊನೆಗೆ ಪಂಚಾಯತಿಗೆ ಬರಬೇಕು. ತ್ಯಾಜ್ಯ ನಿಯಮದಲ್ಲಿ ಕ್ಲಿನಿಕ್ ಎಂದರೆ ಯಾವ ವೈದ್ಯಪದ್ಧತಿಯದಾದರೂ ಸೇರುತ್ತದೆ, ಇಲ್ಲಿ ನಿಮ್ಮ ಅಂಗಡಿಗಿರುವ ಸಂದೇಹ ಇಲ್ಲ.

ಕೈಯಲ್ಲಿರುವುದು ಖಾಸಗಿ ಸಂಸ್ಥೆಯ ಡಿಪ್ಲೊಮಾ ಒಂದೇ ಆದರೆ ಸ್ವತಂತ್ರವಾಗಿ ಬೋರ್ಡು ಹಾಕಿ ಕೂರುವುದು ಬೇಡ ಎಂದೇ ಹೇಳಬೇಕಾಗಿದೆ. ನೋಂದಾಯಿತ ವೈದ್ಯರಿರುವ, ನೋಂದಾಯಿತ ಕ್ಲಿನಿಕ್ಕಿನಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವುದು ಮರ್ಯಾದೆಯ ದಾರಿ. ಅದಕ್ಕೂ ಮೊದಲು ಕಾಞಂಗಾಡಿನ ಜಿಲ್ಲಾ ವೈದ್ಯಾಧಿಕಾರಿ ಕಚೇರಿಗೆ ಪತ್ರ ಬರೆದು ಲಿಖಿತ ಉತ್ತರ ಪಡೆಯಲಿ. ಹೆಸರಿನ ಹಿಂದೆ 'ಡಾ.' ಬೇಡ. ಸಕ್ಕರೆ ಕಾಯಿಲೆ, ಬಂಜೆತನ, ಕ್ಯಾನ್ಸರ್ ಗುಣವಾಗುತ್ತದೆ ಎಂಬ ಫ್ಲೆಕ್ಸ್ ಬೇಡ, ಸೂಜಿಯ ಜತೆ ಮದ್ದನ್ನೂ ಮಾರುವುದಾದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಎದುರಾಗುತ್ತದೆ. ನಡೆಯುತ್ತಿರುವ ಮದ್ದನ್ನು ನಿಲ್ಲಿಸಿ ಎಂದು ಯಾರಿಗೂ ಹೇಳಬಾರದು. 2024ರ ಫೆಬ್ರವರಿಯಲ್ಲಿ ತಿರುವನಂತಪುರದ ನೇಮಂನಲ್ಲಿ ಮನೆಯಲ್ಲೇ ಹೆರಿಗೆಯಾಗಿ ತಾಯಿಯೂ ಮಗುವೂ ತೀರಿಹೋದ ಪ್ರಕರಣದಲ್ಲಿ ಅಕ್ಯುಪಂಕ್ಚರ್ ಮಾಡುತ್ತಿದ್ದವರೊಬ್ಬರ ಬಂಧನವಾಗಿತ್ತು. ಸೂಜಿ ತೆಳ್ಳಗಿದೆಯೆಂದು ಅಪಾಯವೂ ತೆಳ್ಳಗಿರುವುದಿಲ್ಲ: ಭುಜದ ಮೇಲ್ಭಾಗದಲ್ಲೋ ಎದೆಯಲ್ಲೋ ಆಳ ತಪ್ಪಿದರೆ ಶ್ವಾಸಕೋಶಕ್ಕೆ ತೂತು ಬಿದ್ದು ಗಾಳಿ ಸೇರಿಕೊಳ್ಳುತ್ತದೆ. ಒಬ್ಬ ರೋಗಿಯ ಸೂಜಿಗಳನ್ನು ಹೆಸರು ಬರೆದ ಡಬ್ಬಿಯಲ್ಲಿಟ್ಟು ಮತ್ತೆ ಅವರಿಗೇ ಬಳಸುವ ಪದ್ಧತಿಯೂ ನಿಲ್ಲಬೇಕು, ಡಬ್ಬಿ ಅದಲುಬದಲಾಗಲು ಒಂದು ಕ್ಷಣ ಸಾಕು.

ಒಂದೇ ಕೋಣೆ ಬೇಡವೆಂದದ್ದು ಇದಕ್ಕೇ. ಅವರ ಅರ್ಹತೆಯ ಬಗ್ಗೆ ಒಂದು ದೂರು ಹೋದರೆ ಮುಚ್ಚುವುದು ಕೋಣೆಯನ್ನು, ಆ ಕೋಣೆಯ ಲೈಸೆನ್ಸ್ ನಿಮ್ಮ ಹೆಸರಿನಲ್ಲಿರುತ್ತದೆ. ಲೈಸೆನ್ಸಿನಲ್ಲಿ ಬರೆಯದ ಕೆಲಸ ಅಲ್ಲಿ ನಡೆಯಿತೆಂಬುದು ಇನ್ನೊಂದು ತಪ್ಪಾಗುತ್ತದೆ. ಭಾವನವರಿಗೆ ಇಲ್ಲ ಎನ್ನುವುದು ಮನೆಯಲ್ಲಿ ಕಷ್ಟವೆಂದು ಬಲ್ಲೆವು. ಈ ಉತ್ತರವನ್ನೇ ಅವರಿಗೆ ಓದಲು ಕೊಡಿ.

ಕನ್ನಡದ ಪ್ರಶ್ನೆಗೆ ಉತ್ತರ: ಕೊಡಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಮತ್ತು ತಮ್ಮ ಪ್ರದೇಶದ ಕಚೇರಿಗಳೊಡನೆ ಸ್ವಂತ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಬಹುದು. ಸಂವಿಧಾನದ 350ನೇ ವಿಧಿಯೂ ನಿಮ್ಮ ಜತೆಗಿದೆ. ಆನ್‌ಲೈನ್ ಫಾರ್ಮು ತುಂಬಿದ ಮೇಲೆ ಕೆಲಸದ ವಿವರವನ್ನು ಕನ್ನಡದಲ್ಲಿ ಒಂದು ಪುಟ ಬರೆದು ಲಗತ್ತಿಸಿ, ಉತ್ತರ ಕನ್ನಡದಲ್ಲಿ ಬೇಕೆಂದು ಕೆಳಗೆ ಸ್ಪಷ್ಟವಾಗಿ ಬರೆಯಿರಿ. ಮಾಲಿನ್ಯ ಮಂಡಳಿಗೆ ಹೋಗುವ ಪತ್ರದ ಜತೆ ಮಲಯಾಳದ್ದೋ ಇಂಗ್ಲಿಷಿನದ್ದೋ ಒಂದು ಪ್ರತಿ ಇಟ್ಟರೆ ಕೆಲಸ ಬೇಗ ಸಾಗುತ್ತದೆ. ಹಕ್ಕು ಬಿಟ್ಟಂತೆಯೂ ಆಗುವುದಿಲ್ಲ. ಗಿರಾಕಿಗಳ ಒಪ್ಪಿಗೆ ಹಾಳೆ ಮಾತ್ರ ಕನ್ನಡ, ಮಲಯಾಳ ಎರಡರಲ್ಲೂ ಇರಲೇಬೇಕು. ಓದಲಾಗದ ಹಾಳೆಗೆ ಹಾಕಿದ ಸಹಿ ಒಪ್ಪಿಗೆಯಲ್ಲ.

ಲೈಸೆನ್ಸ್ ಕೈಗೆ ಬಂದ ದಿನ ಅದನ್ನು ಬಾಗಿಲಲ್ಲಿ ಕಾಣುವಂತೆ ತೂಗುಹಾಕಿ, ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಸಾಮಾನ್ಯವಾಗಿ ಅದು ಮಾರ್ಚ್ 31ಕ್ಕೆ ಮುಗಿಯುತ್ತದೆ, ನವೀಕರಣದ ಅರ್ಜಿ 30 ದಿನ ಮೊದಲು, ಅಂದರೆ ಫೆಬ್ರವರಿ ಕೊನೆಯೊಳಗೆ ಹೋಗಬೇಕು. ತಡವಾದರೆ ದಂಡ. ಅಂಗಡಿ ಪಕ್ಕದ ಕೋಣೆಗೆ ಬದಲಾದರೂ ಹೊಸ ಅರ್ಜಿಯೇ. ಕುಂಬಳೆ ದೇವಸ್ಥಾನದ ಬೆಡಿ ಉತ್ಸವಕ್ಕೋ ಮಧೂರಿನ ಉತ್ಸವಕ್ಕೋ ಮೆಷಿನ್ ಹಿಡಿದುಕೊಂಡು ಹೋಗಿ ಸಂತೆಯಲ್ಲಿ ಕೂರುವ ಆಸೆಯಿದ್ದರೆ, ಉಪ್ಪಳದ ಲೈಸೆನ್ಸ್ ಅಲ್ಲಿಗೆ ಬರುವುದಿಲ್ಲ. ಆ ಧೂಳಿನಲ್ಲಿ, ಕೈ ತೊಳೆಯಲು ನೀರಿಲ್ಲದ ಕಡೆ ಚರ್ಮ ಚುಚ್ಚುವುದೂ ಬೇಡ. ಅಲ್ಲಿಗೆ ಹೋಗುವುದಾದರೆ ಚಿತ್ರಗಳ ಆಲ್ಬಮ್ಮನ್ನೂ ಅಂಗಡಿಯ ವಿಳಾಸದ ಚೀಟಿಗಳನ್ನೂ ಒಯ್ಯಿರಿ, ಸೂಜಿಗಳು ಕಪಾಟಿನಲ್ಲೇ ಇರಲಿ.